ಮರವೂ ದೋಣಿಯೂ: ಪಾಲಿನೇಷಿಯಾದ ವಲಸೆಗೆ ಭಾಷೆ ನುಡಿಯುವ ಸಾಕ್ಷ್ಯ

ಶಾಂತಸಾಗರದ ನಕಾಶೆಯಲ್ಲಿ ಉತ್ತರದ ಹವಾಯಿ, ಆಗ್ನೇಯದ ರಾಪಾನೂಯಿ ಅಥವಾ ಈಸ್ಟರ್ ದ್ವೀಪ, ನೈಋತ್ಯದ ನ್ಯೂಜಿಲೆಂಡ್ ಎಂಬ ಮೂರು ಬಿಂದುಗಳನ್ನು ಗೆರೆಯಿಂದ ಕೂಡಿಸಿದರೆ ಒಂದು ಮಹಾ ತ್ರಿಕೋನ ಮೂಡುತ್ತದೆ. ಇದೇ ಪಾಲಿನೇಷಿಯಾ. ಹವಾಯಿಯಿಂದ ನ್ಯೂಜಿಲೆಂಡಿಗೆ ಸುಮಾರು 7,000 ಕಿಲೋಮೀಟರ್ ದೂರ. ನಡುವೆ ಇರುವುದೆಲ್ಲ ನೀರು. ಆ ನೀರಿನ ಮೇಲೆ ಕಾಳು ಚೆಲ್ಲಿದಂತೆ ದ್ವೀಪಗಳು. ಯುರೋಪಿನ ಹಡಗುಗಳು ಅಲ್ಲಿಗೆ ತಲಪುವ ಹೊತ್ತಿಗೆ ವಾಸಯೋಗ್ಯವಾದ ಬಹುಪಾಲು ದ್ವೀಪಗಳಲ್ಲಿ ಜನರು ಮನೆ ಕಟ್ಟಿ, ಬೆಳೆ ಬೆಳೆದು ಬಾಳುತ್ತಿದ್ದರು. ಲೋಹದ ಉಪಕರಣವಾಗಲಿ ದಿಕ್ಸೂಚಿಯಾಗಲಿ ಇಲ್ಲದ ಈ ಜನ ಎಲ್ಲಿಂದ ಹೊರಟರು, ಯಾವ ಕ್ರಮದಲ್ಲಿ ಹರಡಿದರು, ಯಾವಾಗ ನೆಲೆನಿಂತರು? ಇದನ್ನು ತಿಳಿಸುವ ಶಿಲಾಶಾಸನಗಳಿಲ್ಲ, ತಾಮ್ರಪಟಗಳಿಲ್ಲ. ಇದ್ದದ್ದು ವಂಶಾವಳಿಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡ ಹಿರಿಯರ ನೆನಪು ಮತ್ತು ಎಲ್ಲರ ನಾಲಗೆಯ ಮೇಲಿದ್ದ ಮಾತು.

ಆ ಮಾತಿನ ಬೆಲೆ ಮೊದಲು ಸ್ಪಷ್ಟವಾಗಿ ತಿಳಿದುಬಂದದ್ದು 1769ರ ಅಕ್ಟೋಬರಿನಲ್ಲಿ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ಟಹೀಟಿಯಿಂದ ಹೊರಟಾಗ ತುಪಾಯಾ ಎಂಬ ಪುರೋಹಿತ-ನಾವಿಕನನ್ನು ಜೊತೆಗೆ ಕರೆದೊಯ್ದಿತ್ತು. ನ್ಯೂಜಿಲೆಂಡಿನ ತೀರದಲ್ಲಿ ತುಪಾಯಾ ತನ್ನ ಭಾಷೆಯಲ್ಲೇ ಮಾತನಾಡಿದಾಗ, ಅವನನ್ನಾಗಲಿ ಅವನ ನಾಡನ್ನಾಗಲಿ ಎಂದೂ ಕಂಡಿರದ ಮಾವೊರಿ ಜನರಿಗೆ ಅದು ಅರ್ಥವಾಯಿತು. ಸಾವಿರಾರು ಕಿಲೋಮೀಟರ್ ಸಮುದ್ರದ ಎರಡು ದಡಗಳಲ್ಲಿದ್ದವರು ದುಭಾಷಿಯಿಲ್ಲದೆ ಸಂವಾದ ನಡೆಸಿದರು. 1778ರಲ್ಲಿ ಕುಕ್ ಹವಾಯಿಗೆ ಬಂದಾಗಲೂ ಅದೇ ಕುಲದ ಭಾಷೆ ಅವನ ಕಿವಿಗೆ ಬಿತ್ತು. ಒಂದೇ ಜನಾಂಗ ಇಷ್ಟು ವಿಶಾಲವಾದ ಸಾಗರದಲ್ಲಿ ಹೇಗೆ ಹರಡಿತು ಎಂದು ಅವನು ಬೆರಗಾದನು.

ಆ ಬೆರಗಿಗೆ ಉತ್ತರ ಹುಡುಕುವ ಕೆಲಸದಲ್ಲಿ ಭಾಷಾವಿಜ್ಞಾನ ಎರಡು ಶತಮಾನಗಳಿಗೂ ಮಿಕ್ಕಿ ದುಡಿದಿದೆ. ಅದರ ಪಕ್ವ ಫಲವೆಂದು ಹೇಳಬಹುದಾದ ಗ್ರಂಥ ಪ್ಯಾಟ್ರಿಕ್ ಕರ್ಚ್ ಮತ್ತು ರಾಜರ್ ಗ್ರೀನ್ ಬರೆದ ‘ಹವೈಕಿ, ಆ್ಯನ್ಸೆಸ್ಟ್ರಲ್ ಪಾಲಿನೇಷಿಯಾ’. ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 2001ರಲ್ಲಿ ಅದನ್ನು ಪ್ರಕಟಿಸಿತು. ಈ ಲೇಖನದ ಉದ್ದೇಶ ಆ ಗ್ರಂಥವನ್ನೂ ಅದರ ಹಿಂದುಮುಂದಿನ ವಿದ್ವತ್ತನ್ನೂ ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಿಸುವುದು: ಜನರ ಚಲನೆಯ ಇತಿಹಾಸಕ್ಕೆ ಭಾಷೆ ಎಷ್ಟರಮಟ್ಟಿನ ಸಾಕ್ಷಿ? ಯಾರು ಯಾರಿಗೆ ಬಂಧುಗಳು ಎಂಬುದನ್ನು ಭಾಷೆ ಬಹಳ ನಂಬಿಕೆಯಿಂದ ಹೇಳಬಲ್ಲುದು. ಅವರು ಯಾವಾಗ ಅಗಲಿದರು, ಅಗಲಿದ ಮೇಲೆ ಪರಸ್ಪರ ಎಷ್ಟು ಬಳಕೆಯಲ್ಲಿದ್ದರು ಎಂಬುದನ್ನು ಅದೊಂದರಿಂದಲೇ ಹೇಳಿಸಹೊರಟಾಗ ಸಾಕ್ಷಿ ತಡವರಿಸುತ್ತದೆ. ಗಡಿನಾಡಿನಲ್ಲಿ ಬಾಳುವ ನಮಗೆ ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಮೊದಲು ಈ ಮಾರ್ಗದಲ್ಲಿ ಜನ ಎಲ್ಲಿ ಎಡವಿದರು ಎಂಬುದನ್ನು ನೋಡೋಣ. 1885ರಲ್ಲಿ ನ್ಯೂಜಿಲೆಂಡಿನ ಎಡ್ವರ್ಡ್ ಟ್ರೆಗಿಯರ್ ‘ದಿ ಆರ್ಯನ್ ಮಾವೊರಿ’ ಎಂಬ ಪುಸ್ತಕ ಪ್ರಕಟಿಸಿದರು. ಮಾವೊರಿ ಪದಗಳನ್ನು ಸಂಸ್ಕೃತವೇ ಮೊದಲಾದ ಭಾಷೆಗಳ ಪದಗಳ ಪಕ್ಕದಲ್ಲಿಟ್ಟು, ಮಾವೊರಿಗಳು ಆರ್ಯವಂಶದವರೆಂದು ಸಾಧಿಸಲು ಅವರು ಯತ್ನಿಸಿದರು. ದನವನ್ನು ಕಂಡೇ ಇರದ ದ್ವೀಪವಾಸಿಗಳ ಪದಗಳಲ್ಲಿ ‘ಕೌ’ ಎಂಬ ಉಚ್ಚಾರವಿದ್ದ ಕಡೆಯಲ್ಲೆಲ್ಲ ಗೋವಿನ ನೆನಪು ಅಡಗಿದೆ ಎಂದರು. ಪಾಲಿನೇಷಿಯಾದ ಮೂಲವನ್ನು ಭರತಖಂಡದಲ್ಲಿ ಹುಡುಕಿದವರು ಆ ಕಾಲದಲ್ಲಿ ಇನ್ನೂ ಕೆಲವರಿದ್ದರು. ಇಂಥ ವಾದವನ್ನು ಓದಿದ ಭಾರತೀಯನಿಗೆ ಅಭಿಮಾನ ಉಕ್ಕುವುದು ಸಹಜ. ಆದರೆ ಅದರ ತಳಹದಿ ಶಿಥಿಲವಾದದ್ದು. ಎರಡು ಭಾಷೆಗಳ ಸಾವಿರಾರು ಪದಗಳನ್ನು ಎದುರುಬದುರು ಇಟ್ಟರೆ ಕೆಲವು ಆಕಸ್ಮಿಕವಾಗಿ ಹೋಲಿಯೇ ತೀರುತ್ತವೆ. ಮಲಯ ಭಾಷೆಯಲ್ಲಿ ಕಣ್ಣಿಗೆ ‘ಮತ’, ಇಂದಿನ ಗ್ರೀಕ್ ಭಾಷೆಯಲ್ಲಿ ‘ಮಾತಿ’. ಇವೆರಡಕ್ಕೂ ಯಾವ ನೆಂಟೂ ಇಲ್ಲ.

ಕನ್ನಡದಲ್ಲೂ ಇಂಥ ಆಕರ್ಷಣೆಯ ಒಂದು ನಿದರ್ಶನ ಪ್ರಸಿದ್ಧವಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದ ಪಪೈರಸ್ಸಿನಲ್ಲಿ ಭಾರತೀಯ ಪಾತ್ರಗಳು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು ಹುಲ್ಷ್ 1904ರಲ್ಲಿ ಸೂಚಿಸಿದರು. ಅದನ್ನು ಒಪ್ಪಿದ ವಿದ್ವಾಂಸರೂ ಸಂದೇಹಿಸಿದ ವಿದ್ವಾಂಸರೂ ಇದ್ದಾರೆ. ವಾದ ಇಂದಿಗೂ ತೀರದಿರಲು ಕಾರಣ ನಮ್ಮ ಅಭಿಮಾನದ ಕೊರತೆಯಲ್ಲ. ಕೆಲವೇ ಅಕ್ಷರಗಳ ಹೋಲಿಕೆಯನ್ನು ನಿಯಮದ ಒರೆಗಲ್ಲಿಗೆ ಹಚ್ಚಲು ಸಾಧ್ಯವಾಗದಿರುವುದು.

ಆ ಒರೆಗಲ್ಲು ಯಾವುದು? ಒಂದು ಪದ ಇನ್ನೊಂದನ್ನು ಹೋಲುವುದು ಮುಖ್ಯವಲ್ಲ. ಒಂದು ಭಾಷೆಯ ಧ್ವನಿಗೆ ಇನ್ನೊಂದು ಭಾಷೆಯ ಧ್ವನಿ ಪದದಿಂದ ಪದಕ್ಕೆ ತಪ್ಪದೆ ಪ್ರತಿಯಾಗಿ ನಿಲ್ಲುವುದು ಮುಖ್ಯ. ಕಾಸರಗೋಡಿನ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ನಾವು ಹಾಲು ಎಂದರೆ ನೆರೆಮನೆಯ ಮಲಯಾಳಿಗಳು ‘ಪಾಲ್’ ಎನ್ನುತ್ತಾರೆ, ತುಳುವರು ‘ಪೇರ್’ ಎನ್ನುತ್ತಾರೆ. ನಮ್ಮ ಹುಲಿ ಅವರಿಗೆ ‘ಪುಲಿ’, ತುಳುವರಿಗೆ ‘ಪಿಲಿ’. ನಮ್ಮ ಹತ್ತು, ಹಲ್ಲುಗಳಿಗೆ ಅಲ್ಲಿ ‘ಪತ್ತ್’, ‘ಪಲ್ಲ್’. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತೆಂಬ ನಿಯಮವೊಂದನ್ನು ತಿಳಿದರೆ ಈ ಜೋಡಿಗಳೆಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. 1816ರಲ್ಲಿ ಮದರಾಸಿನ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ದಕ್ಷಿಣದ ನುಡಿಗಳ ಬಂಧುತ್ವವನ್ನು ಪ್ರತಿಪಾದಿಸಿದ್ದು ಇಂಥ ತೌಲನಿಕ ವಿಚಾರದಿಂದ.

ಪಾಲಿನೇಷಿಯಾದ ನುಡಿಗಳಲ್ಲೂ ಇದೇ ಬಗೆಯ ವ್ಯವಸ್ಥೆಯಿದೆ. ಮನೆಗೆ ಟೋಂಗಾ ಮತ್ತು ಸಮೋವಾದಲ್ಲಿ ‘ಫಲೆ’, ಟಹೀಟಿಯಲ್ಲೂ ಮಾವೊರಿಯಲ್ಲೂ ‘ಫರೆ’, ಹವಾಯಿಯಲ್ಲಿ ‘ಹಲೆ’. ಟ್ಯಾರೊ ಎಂದು ಲೋಕಪ್ರಸಿದ್ಧವಾದ ಕೆಸುವಿನ ಗೆಡ್ಡೆಗೆ ಟೋಂಗಾ, ಸಮೋವಾಗಳಲ್ಲಿ ‘ತಲೊ’, ಮಾವೊರಿಯಲ್ಲಿ ‘ತರೊ’, ಹವಾಯಿಯಲ್ಲಿ ‘ಕಲೊ’. ನಿಷಿದ್ಧ, ಪವಿತ್ರ ಎಂಬ ಅರ್ಥದ ‘ತಪು’ ಹವಾಯಿಯಲ್ಲಿ ‘ಕಪು’. ಅಂದರೆ ಉಳಿದೆಡೆಯ ಫಕಾರಕ್ಕೆ ಹವಾಯಿಯಲ್ಲಿ ಹಕಾರ, ತಕಾರಕ್ಕೆ ಕಕಾರ. ಇದು ಒಂದೆರಡು ಪದಗಳ ಮಾತಲ್ಲ. ನೂರಾರು ಪದಗಳಲ್ಲಿ ಈ ನಿಯಮ ನಡೆಯುತ್ತದೆ. ಟ್ರೆಗಿಯರ್ ಅವರೇ 1891ರಲ್ಲಿ ಮಾವೊರಿ-ಪಾಲಿನೇಷಿಯನ್ ತೌಲನಿಕ ನಿಘಂಟನ್ನು ಹೊರತಂದರು. ಅವರ ಆರ್ಯವಾದ ಮರೆಯಾಗಿ ಹೋಯಿತು. ನಿಘಂಟಿನ ಸಂಗ್ರಹ ಉಳಿಯಿತು. ಒಬ್ಬನೇ ವ್ಯಕ್ತಿಯ ಎರಡು ಕೃತಿಗಳಿಗೆ ಕಾಲ ಕೊಟ್ಟ ಈ ಎರಡು ತೀರ್ಪುಗಳಲ್ಲಿ ಶಾಸ್ತ್ರಕ್ಕೂ ಆಸೆಗೂ ಇರುವ ಅಂತರ ಕಾಣುತ್ತದೆ.

ಬಂಧುತ್ವ ಸಿದ್ಧವಾಯಿತು. ಆದರೆ ವಲಸೆಯ ಕ್ರಮವನ್ನು ತಿಳಿಯಲು ಅಷ್ಟು ಸಾಲದು. ಬಂಧುಗಳೊಳಗೆ ಯಾರು ಯಾರಿಗೆ ಹೆಚ್ಚು ಹತ್ತಿರ ಎಂಬುದು ಬೇಕು. ಇಲ್ಲಿ ಹೋಲಿಕೆ ಮತ್ತೆ ಮೋಸಗೊಳಿಸುತ್ತದೆ. ಮೀನಿಗೆ ಟೋಂಗಾದಲ್ಲಿಯೂ ಮಾವೊರಿಯಲ್ಲಿಯೂ ‘ಇಕ’. ಸಮೋವಾ, ಟಹೀಟಿ, ಹವಾಯಿಗಳಲ್ಲಿ ಕಕಾರವು ಗಂಟಲಲ್ಲಿ ಉಸಿರನ್ನು ಕ್ಷಣಕಾಲ ತಡೆದುಬಿಡುವ ಧ್ವನಿಯಾಗಿ ಮಾರ್ಪಟ್ಟು ‘ಇ-ಅ’ ಎಂದಾಗಿದೆ. ಹಾಗೆಂದು ಮಾವೊರಿ ಟೋಂಗಾಕ್ಕೂ ಹವಾಯಿ ಸಮೋವಾಕ್ಕೂ ಹತ್ತಿರವೆಂದು ತೀರ್ಮಾನಿಸುವಂತಿಲ್ಲ. ಕಕಾರ ಹೀಗೆ ಸವೆಯುವುದು ಬೇರೆಬೇರೆ ಕಡೆ ಸ್ವತಂತ್ರವಾಗಿ ನಡೆಯಬಹುದಾದ ಮಾರ್ಪಾಟು. ಹಳೆಯದನ್ನು ಇಬ್ಬರೂ ಉಳಿಸಿಕೊಂಡಿರುವುದೂ ಹತ್ತಿರದ ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಇಬ್ಬರೂ ಒಟ್ಟಿಗೆ ಇದ್ದಾಗ ಮಾಡಿಕೊಂಡ ಹೊಸತು ಮಾತ್ರ ಸಾಕ್ಷಿ.

ಇದಕ್ಕೆ ಒಂದು ಸುಂದರ ಉದಾಹರಣೆಯಿದೆ. ಸಮೋವಾ ಭಾಷೆಯಲ್ಲಿ ಎರಡು ಎಂಬ ಸಂಖ್ಯೆಗೂ ‘ಲುಅ’, ನೆಲದ ಗುಳಿಗೂ ‘ಲುಅ’. ಹವಾಯಿಯಲ್ಲಿಯೂ ಹಾಗೆಯೇ, ಮಾವೊರಿಯಲ್ಲಿ ಎರಡಕ್ಕೂ ‘ರುಅ’. ಟೋಂಗಾದಲ್ಲಿ ಮಾತ್ರ ಸಂಖ್ಯೆಗೆ ‘ಉಅ’, ಗುಳಿಗೆ ‘ಲುಓ’. ಮೂಲಭಾಷೆಯಲ್ಲಿ ರಕಾರ ಲಕಾರಗಳು ಬೇರೆಬೇರೆಯಾಗಿದ್ದು, ಟೋಂಗಾ ರಕಾರವನ್ನು ಕಳೆದುಕೊಂಡಿತು, ಉಳಿದವುಗಳ ಪೂರ್ವಜ ಭಾಷೆ ಎರಡನ್ನೂ ಒಂದು ಮಾಡಿಕೊಂಡಿತು ಎಂದಲ್ಲದೆ ಇದನ್ನು ಬೇರೆ ರೀತಿಯಲ್ಲಿ ವಿವರಿಸುವುದು ಕಷ್ಟ. ದೋಣಿ ಮಗುಚದಂತೆ ಬದಿಗೆ ಕಟ್ಟುವ ತೇಲುಮರ ಟೋಂಗಾದಲ್ಲಿ ‘ಹಮ’, ಸಮೋವಾದಿಂದ ಹವಾಯಿಯವರೆಗೆ ‘ಅಮ’. ಇಲ್ಲಿಯೂ ಟೋಂಗಾ ಒಂದು ಕಡೆ, ಉಳಿದವು ಇನ್ನೊಂದು ಕಡೆ. 1966ರಲ್ಲಿ ಆ್ಯಂಡ್ರೂ ಪಾಲಿ ಮತ್ತು ರಾಜರ್ ಗ್ರೀನ್ ಇಂಥ ಸಮಾನ ಮಾರ್ಪಾಟುಗಳನ್ನು ಆಧರಿಸಿ ವಂಶವೃಕ್ಷವೊಂದನ್ನು ರೂಪಿಸಿದರು. ಮೊದಲ ಕವಲಿನಲ್ಲಿ ಟೋಂಗಾ ಮತ್ತು ನಿಯುವೆ ಬೇರ್ಪಡುತ್ತವೆ. ಉಳಿದ ಕೊಂಬೆಯಿಂದ ಸಮೋವಾ ಮುಂತಾದವು, ಅದರಿಂದ ಪೂರ್ವ ಪಾಲಿನೇಷಿಯಾ. ಪೂರ್ವದ ಕೊಂಬೆಯಿಂದ ರಾಪಾನೂಯಿ ಮೊದಲು ಅಗಲುತ್ತದೆ. ಬಳಿಕ ಒಂದೆಡೆ ಮಾರ್ಕೇಸಸ್-ಹವಾಯಿ, ಇನ್ನೊಂದೆಡೆ ಟಹೀಟಿ-ಮಾವೊರಿ. ವೃಕ್ಷವನ್ನು ಮಲಗಿಸಿ ನಕಾಶೆಯ ಮೇಲಿಟ್ಟರೆ ಪಶ್ಚಿಮದಿಂದ ಪೂರ್ವಕ್ಕೆ ಹೋದ ವಲಸೆಯ ದಾರಿಯೇ ಕಾಣುತ್ತದೆ ಎಂಬುದು ಈ ಪಂಥದ ವಿಶ್ವಾಸ.

ಈ ವಿಶ್ವಾಸಕ್ಕೆ ಬಲವಾದ ಆಧಾರಗಳಿದ್ದವು. ಪಶ್ಚಿಮ ಪೆಸಿಫಿಕ್‌ನ ದ್ವೀಪಗಳಿಂದ ಟೋಂಗಾ, ಸಮೋವಾಗಳವರೆಗೆ ಚುಕ್ಕಿಚಿತ್ತಾರದ ಲಪೀಟಾ ಮಡಕೆಗಳು ದೊರೆಯುತ್ತವೆ. ಅವು ಟೋಂಗಾ ತಲಪಿದ್ದು ಸುಮಾರು 2,800 ವರ್ಷಗಳ ಹಿಂದೆ. ಮಡಕೆಯ ದಾರಿಯೂ ಮಾತಿನ ದಾರಿಯೂ ಕೂಡಿಬಂದವು. ಇನ್ನೂ ಹಿಂದಕ್ಕೆ ಹೋದರೆ, ಮಡಗಾಸ್ಕರದಿಂದ ಹವಾಯಿಯವರೆಗೆ ಹರಡಿದ ಆಸ್ಟ್ರೊನೇಷಿಯನ್ ಭಾಷಾಕುಲದ ಬಹುಪಾಲು ಮೂಲ ಕವಲುಗಳು ಪುಟ್ಟ ತೈವಾನಿನಲ್ಲೇ ಸಿಗುತ್ತವೆ ಎಂದು ರಾಬರ್ಟ್ ಬ್ಲಸ್ಟ್ ತೋರಿಸಿದರು. ಕವಲುಗಳ ವೈವಿಧ್ಯ ಎಲ್ಲಿ ಹೆಚ್ಚೋ ಅಲ್ಲಿ ಬೇರು ಇರುವ ಸಂಭವ ಹೆಚ್ಚು.

ದಾರಿಯನ್ನಷ್ಟೇ ಅಲ್ಲ, ದೋಣಿಯಲ್ಲಿ ಏನಿತ್ತು ಎಂಬುದನ್ನೂ ಪದಗಳು ಹೇಳುತ್ತವೆ. 1950ರ ದಶಕದಲ್ಲಿ ಆ್ಯಂಡ್ರೂ ಶಾರ್ಪ್ ಎಂಬವರು, ದೂರದ ದ್ವೀಪಗಳಿಗೆ ಜನ ತಲಪಿದ್ದು ದಾರಿತಪ್ಪಿ, ಗಾಳಿಗೆ ಸಿಕ್ಕಿ ಎಂದು ವಾದಿಸಿದ್ದರು. ಆದರೆ ಕೆಸುವಿಗೆ, ತೆಂಗಿಗೆ, ನಮ್ಮಲ್ಲಿ ದೀವಿಹಲಸು ಅಥವಾ ಜೀಗುಜ್ಜೆ ಎನಿಸಿಕೊಳ್ಳುವ ಮರಕ್ಕೆ, ಕೋಳಿಗೆ, ಹಂದಿಗೆ ಪಶ್ಚಿಮದ ಹಳೆಯ ಹೆಸರುಗಳೇ ಪೂರ್ವದ ದ್ವೀಪಗಳಲ್ಲೂ ಇವೆ. ಮೀನು ಹಿಡಿಯಲು ಹೋಗಿ ಗಾಳಿಗೆ ಸಿಕ್ಕವನ ದೋಣಿಯಲ್ಲಿ ನೆಡುವ ಗೆಡ್ಡೆಯೂ ಸಾಕುವ ಹಂದಿಯೂ ಇರುವುದಿಲ್ಲ. ಅದು ಸಂಸಾರ ಹೂಡಲು ಹೊರಟವರ ಸಾಮಾನು. 1976ರಲ್ಲಿ ಸಟವಾಲ್ ದ್ವೀಪದ ಮಾವ್ ಪಿಯಾಯ್ಲುಗ್ ಉಪಕರಣಗಳ ನೆರವಿಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ನೋಡಿ ‘ಹೋಕೂಲೆಅ’ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ಟಹೀಟಿಗೆ ನಡೆಸಿ, ಅದು ಸಾಧ್ಯವೆಂದು ಕಣ್ಣಿಗೆ ಕಾಣುವಂತೆ ತೋರಿಸಿದರು.

ಈ ಪದಗಳ ನಡುವೆ ಒಂದು ವಿಚಿತ್ರ ಅತಿಥಿಯಿದೆ. ಸಿಹಿಗೆಣಸಿಗೆ ಮಾವೊರಿಯಲ್ಲೂ ರಾಪಾನೂಯಿಯಲ್ಲೂ ‘ಕುಮರ’. ಗೆಣಸಿನ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ಆಂಡೀಸ್ ಪ್ರದೇಶದ ಕೆಚುವಾ ಭಾಷೆಯ ಕೆಲವು ರೂಪಗಳಲ್ಲಿ ಅದಕ್ಕೆ ‘ಕುಮರ್’ ಎಂಬುದನ್ನು ಹೋಲುವ ಹೆಸರಿದೆ. 1947ರಲ್ಲಿ ಪೆರುವಿನಿಂದ ‘ಕಾನ್-ಟಿಕಿ’ ಎಂಬ ತೆಪ್ಪದ ಮೇಲೆ 101 ದಿನ ತೇಲಿ ರಾರೋಯಿಯಾ ದ್ವೀಪವನ್ನು ಮುಟ್ಟಿದ ಥಾರ್ ಹೇಯರ್‌ಡಾಲ್, ಪಾಲಿನೇಷಿಯಾಕ್ಕೆ ಮೊದಲ ಜನ ಬಂದದ್ದೇ ಅಮೆರಿಕದಿಂದ ಎಂದು ಪ್ರತಿಪಾದಿಸಿದರು. ಅವರ ಸಾಹಸ ಲೋಕದ ಮನಸ್ಸನ್ನು ಗೆದ್ದಿತು. ಅವರ ವಾದ ಗೆಲ್ಲಲಿಲ್ಲ. ಅಮೆರಿಕಕ್ಕೆ ಅತಿ ಸಮೀಪದ ರಾಪಾನೂಯಿಯ ಭಾಷೆಯೂ ಸಂಖ್ಯೆಗಳಿಂದ ಹಿಡಿದು ಅಂಗಾಂಗಗಳ ಹೆಸರಿನವರೆಗೆ ಪಾಲಿನೇಷಿಯನ್ ಭಾಷೆಯೇ. ಎರವಲು ಬಂದ ಒಂದು ಪದ ಭೇಟಿಗೆ ಸಾಕ್ಷಿ, ಹುಟ್ಟಿಗೆ ಅಲ್ಲ. ಮಂಗಾಯಿಯಾ ದ್ವೀಪದ ಉತ್ಖನನದಲ್ಲಿ ಯುರೋಪಿಯನ್ನರಿಗಿಂತ ಹಳೆಯದಾದ, ಕರಕಲಾದ ಗೆಣಸು ದೊರೆಯಿತು. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಕ್ರಿ.ಶ. 1200ರ ಸುಮಾರಿಗೆ ಪೂರ್ವ ಪಾಲಿನೇಷಿಯನ್ನರಿಗೂ ಅಮೆರಿಕದ ಮೂಲನಿವಾಸಿಗಳಿಗೂ ರಕ್ತಸಂಬಂಧ ಬೆಳೆದಿತ್ತೆಂದು ತಿಳಿಸಿತು. ಒಂದು ಪದ ಪಿಸುಗುಟ್ಟಿದ್ದನ್ನು ಬೇರೆ ಶಾಸ್ತ್ರಗಳು ದೃಢಪಡಿಸಿದವು.

ಕರ್ಚ್ ಮತ್ತು ಗ್ರೀನ್ ಅವರ ಗ್ರಂಥದ ಹಿರಿಮೆಯಿರುವುದು ಈ ಬಗೆಯ ಸಾಕ್ಷ್ಯಗಳನ್ನು ಒಂದು ಕ್ರಮಕ್ಕೆ ಒಳಪಡಿಸಿದ್ದರಲ್ಲಿ. ಭಾಷೆ, ಪುರಾತತ್ತ್ವ, ಜನಾಂಗವರ್ಣನೆ ಎಂಬ ಮೂರು ಬಿಂದುಗಳಿಂದ ಅಳೆದು ಒಂದು ನೆಲೆಯನ್ನು ಗುರುತಿಸುವ ಭೂಮಾಪಕರ ವಿಧಾನವನ್ನು ಅವರು ಇತಿಹಾಸಕ್ಕೆ ಅನ್ವಯಿಸುತ್ತಾರೆ. ಭಾಷೆಯ ಕಡೆಯಿಂದ ಅವರಿಗೆ ಬಂಡವಾಳವಾಗಿ ಒದಗಿದ್ದು ‘ಪೊಲೆಕ್ಸ್’ ಎಂಬ ತೌಲನಿಕ ಪದಕೋಶ. ಸ್ವತಃ ಮಾವೊರಿಯಾದ ಬ್ರೂಸ್ ಬಿಗ್ಸ್ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಇದನ್ನು ಆರಂಭಿಸಿದರು. ಮುಂದೆ ರಾಸ್ ಕ್ಲಾರ್ಕ್ ಮುಂತಾದವರು ಬೆಳೆಸಿದರು. ಇಂದು ಅದರಲ್ಲಿ 50,000ಕ್ಕೂ ಹೆಚ್ಚು ಪದರೂಪಗಳಿವೆ. ಇವನ್ನೆಲ್ಲ ಜೋಡಿಸಿ ಗ್ರಂಥಕರ್ತರು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಟೋಂಗಾ, ಸಮೋವಾ ಮತ್ತು ಆಸುಪಾಸಿನ ದ್ವೀಪಗಳಲ್ಲಿ ಬಾಳಿದ ಪೂರ್ವಜ ಸಮಾಜದ ಮನೆ, ಒಲೆ, ಬೇಸಾಯ, ನೆಂಟಸ್ತಿಕೆ, ಪೂಜೆ, ಪಂಚಾಂಗಗಳನ್ನು ಪುನಾರಚಿಸುತ್ತಾರೆ.

ಅವರ ಎಚ್ಚರ ಮೆಚ್ಚತಕ್ಕದ್ದು. ಪದ ಉಳಿದರೂ ಅರ್ಥ ಜಾರುತ್ತದೆ ಎಂಬ ಅರಿವು ಗ್ರಂಥದ ಉದ್ದಕ್ಕೂ ಇದೆ. ಈ ಜಾರುವಿಕೆಗೆ ನ್ಯೂಜಿಲೆಂಡಿನಲ್ಲಿ ಒಳ್ಳೆಯ ನಿದರ್ಶನಗಳು ಸಿಗುತ್ತವೆ. ಉಷ್ಣವಲಯದ ದ್ವೀಪಗಳಲ್ಲಿ ‘ಮೊಅ’ ಎಂದರೆ ಊರಕೋಳಿ; ನ್ಯೂಜಿಲೆಂಡಿಗೆ ಬಂದವರು ಅಲ್ಲಿ ಕಂಡ, ಆಳೆತ್ತರವನ್ನೂ ಮೀರುವ ಹಾರಲಾರದ ಹಕ್ಕಿಗೆ ಆ ಹೆಸರನ್ನಿಟ್ಟರು. ತೆಂಗು ಬೆಳೆಯದ ಆ ನಾಡಿನ ಒಂದು ತಾಳೆಜಾತಿಯ ಮರ ‘ನೀಕೌ’ ಎನಿಸಿತು. ಇದೇ ಪದಕ್ಕೆ ಟಹೀಟಿ ಕಡೆ ತೆಂಗಿನ ಗರಿ ಎಂದು ಅರ್ಥ. ತೆಂಗನ್ನು ಬಿಟ್ಟು ಬಂದವರು ತೆಂಗಿನ ಮಾತನ್ನು ಬಿಟ್ಟು ಬರಲಿಲ್ಲ. ‘ಮಲಏ’ ಎಂಬುದು ಪಶ್ಚಿಮದಲ್ಲಿ ಊರ ನಡುವಿನ ಬಯಲು. ಅದೇ ‘ಮರಏ’ ಎಂದಾಗಿ ಟಹೀಟಿಯಲ್ಲಿ ಕಲ್ಲಿನ ವೇದಿಕೆಯುಳ್ಳ ದೇವಸ್ಥಾನ, ಮಾವೊರಿಗಳಲ್ಲಿ ಕುಲದವರೆಲ್ಲ ಸೇರುವ ಅಂಗಳ. ಪುರಾತತ್ತ್ವವಿಲ್ಲದೆ ಪದವನ್ನೊಂದನ್ನೇ ನಂಬಿದ್ದರೆ ಪೂರ್ವಜರ ಕಾಲಕ್ಕೇ ಕಲ್ಲಿನ ಗುಡಿಗಳನ್ನು ಕಲ್ಪಿಸಿಬಿಡಬಹುದಾಗಿತ್ತು. ನಮ್ಮ ಕೃತ್ತಿಕೆಯಾದ ‘ಮತಲಿಕಿ’ ನಕ್ಷತ್ರಪುಂಜದ ಹೆಸರು ಮಾವೊರಿಯಲ್ಲಿ ‘ಮತರಿಕಿ’, ಹವಾಯಿಯಲ್ಲಿ ‘ಮಕಲಿಇ’ ಎಂದು ಉಳಿದಿರುವುದನ್ನು ಹಿಡಿದು ಅವರು ಪೂರ್ವಜರ ವರ್ಷಗಣನೆಯನ್ನು ಕಟ್ಟಿಕೊಡುವ ಅಧ್ಯಾಯ ಗ್ರಂಥದ ಉತ್ತಮ ಭಾಗಗಳಲ್ಲೊಂದು.

ಇಷ್ಟಾದರೂ ಗ್ರಂಥದ ಬಗ್ಗೆ ಎರಡು ಆಕ್ಷೇಪಗಳನ್ನು ಎತ್ತಬೇಕಾಗುತ್ತದೆ. ಮೊದಲನೆಯದು ಪುನಾರಚನೆಯ ನಯಗಾರಿಕೆಯ ಬಗ್ಗೆ. ಅವರು ಅವಲಂಬಿಸಿದ ಅರ್ಥಗಳಲ್ಲಿ ಹೆಚ್ಚಿನವು 19ನೆಯ ಶತಮಾನದಿಂದೀಚೆಗೆ, ಮೊದಮೊದಲು ಪಾದ್ರಿಗಳ ನಿಘಂಟುಗಳಲ್ಲಿ ದಾಖಲಾದವು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕದ ಅರ್ಥಗಳಿಂದ ಹೆಣೆದ ಚಿತ್ರ ಎಲ್ಲ ದ್ವೀಪಗಳಿಗೂ ಸಮಾನವಾದ, ಏಕರೂಪದ ಸಮಾಜವೊಂದನ್ನು ನಮ್ಮ ಮುಂದಿಡುತ್ತದೆ. ಆರಂಭದ ಹಂತದಲ್ಲಿ ಟೋಂಗಾದಿಂದ ಸಮೋವಾದವರೆಗೆ ಉಪಭಾಷೆಗಳ ಸರಣಿಯೊಂದು ಇತ್ತೆಂದು ಗ್ರಂಥಕರ್ತರು ಒಪ್ಪುತ್ತಾರೆ. ಆದರೆ ಪುನಾರಚನೆಯ ಪುಟಗಳಲ್ಲಿ ಆ ಒಳಭೇದಗಳು ಮಸುಕಾಗುತ್ತವೆ. ತೌಲನಿಕ ವಿಧಾನಕ್ಕೆ ಇದು ಹುಟ್ಟಿನಿಂದ ಬಂದ ದೋಷ. ಎಲ್ಲರಲ್ಲೂ ಉಳಿದದ್ದನ್ನು ಮಾತ್ರ ಅದು ಕಾಣಬಲ್ಲುದು.

ಎರಡನೆಯದು ಕಾಲ ಮತ್ತು ವೃಕ್ಷದ ಬಗ್ಗೆ, ಇದು ಹೆಚ್ಚು ಗಂಭೀರವಾದದ್ದು. ಭಾಷೆಯಿಂದಲೇ ಕಾಲವನ್ನು ಅಳೆಯುವ ಯತ್ನ 1950ರ ದಶಕದಲ್ಲಿ ಜೋರಾಗಿ ನಡೆಯಿತು. ಮೂಲಭೂತ ಪದಗಳು ಎಲ್ಲ ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬದಲಾಗುತ್ತವೆ ಎಂದು ಭಾವಿಸಿ, ಉಳಿದ ಪದಗಳನ್ನೆಣಿಸಿ ಅಗಲಿಕೆಯ ವರ್ಷವನ್ನು ಲೆಕ್ಕಹಾಕುವ ವಿಧಾನವದು. ಪಾಲಿನೇಷಿಯಾ ಅದಕ್ಕೆ ತಕ್ಕ ಪಾಠ ಕಲಿಸಿತು. ಟಹೀಟಿಯಲ್ಲಿ ದೊರೆಯ ಹೆಸರಿನಲ್ಲಿ ಬರುವ ಅಕ್ಷರಗಳುಳ್ಳ ಪದಗಳನ್ನು ಪ್ರಜೆಗಳು ಆಡಬಾರದೆಂಬ ‘ಪಿಇ’ ಎಂಬ ನಿಷೇಧವಿತ್ತು. ಪೋಮರೆ ಎಂಬಾತ ದೊರೆಯಾದಾಗ ರಾತ್ರಿ ಎಂಬರ್ಥದ ‘ಪೋ’ ಹೋಗಿ ‘ರುಇ’ ಬಂತು. ಕೆಮ್ಮು ಎಂಬರ್ಥದ ‘ಮರೆ’ ಹೋಗಿ ‘ಹೊತ’ ಬಂತು. ಎರಡು, ಐದು, ನೀರು ಎಂಬ ಪದಗಳೂ ಆ ಭಾಷೆಯಲ್ಲಿ ಬದಲಾಗಿವೆ. ಎಣಿಕೆಗಾರನಿಗೆ ಟಹೀಟಿ ಬಹಳ ಹಿಂದೆಯೇ ಅಗಲಿದ ಭಾಷೆಯಾಗಿ ಕಾಣುತ್ತದೆ. ನಿಜದಲ್ಲಿ ಅಲ್ಲಿ ನಡೆದದ್ದು ರಾಜಮರ್ಯಾದೆ. ಭಾಷೆಯ ಗಡಿಯಾರಕ್ಕೆ ಮನುಷ್ಯರು ಕೈಹಾಕಬಲ್ಲರು.

ಈಚಿನ ಗಣಕ ವಿಧಾನಗಳು ಹೆಚ್ಚು ಸೂಕ್ಷ್ಮವಾಗಿವೆ. 2009ರಲ್ಲಿ ರಸೆಲ್ ಗ್ರೇ ಮತ್ತು ಸಂಗಡಿಗರು 400 ಆಸ್ಟ್ರೊನೇಷಿಯನ್ ಭಾಷೆಗಳ ಪದಗಳನ್ನು ವಿಶ್ಲೇಷಿಸಿ, ತೈವಾನಿನಿಂದ ಸುಮಾರು 5,200 ವರ್ಷಗಳ ಹಿಂದೆ ಆರಂಭವಾದ ಹರಡುವಿಕೆ ನಡುನಡುವೆ ದೀರ್ಘ ವಿರಾಮಗಳನ್ನು ಪಡೆಯಿತೆಂದು ತೋರಿಸಿದರು. ಪಶ್ಚಿಮ ಪಾಲಿನೇಷಿಯಾದಲ್ಲಿಯೂ ಅಂಥ ವಿರಾಮವುಂಟು. ಆದರೆ ಈ ಲೆಕ್ಕಕ್ಕೂ ಕೆಲವು ಕಾಲಬಿಂದುಗಳನ್ನು ಹೊರಗಿನ ಇತಿಹಾಸದಿಂದ ತಂದುಕೊಡಬೇಕು. ಗಡಿಯಾರಕ್ಕೆ ಕೀಲಿ ಕೊಡುವವನು ಪುರಾತತ್ತ್ವಜ್ಞನೇ.

ಆ ಪುರಾತತ್ತ್ವಜ್ಞ 2011ರಲ್ಲಿ ಹೊಸ ಲೆಕ್ಕವೊಂದನ್ನು ಮುಂದಿಟ್ಟ. ಪೂರ್ವ ಪಾಲಿನೇಷಿಯಾದಲ್ಲಿ ಕ್ರಿ.ಶ. ಮೊದಲ ಸಹಸ್ರಮಾನದ ಬಹುಭಾಗದಿಂದಲೇ ಜನವಸತಿಯಿತ್ತೆಂಬುದು ಬಹುಕಾಲ ನಡೆದುಬಂದ ನಂಬಿಕೆಯಾಗಿತ್ತು. ಜಾನೆಟ್ ವಿಲ್ಮ್‌ಸ್‌ಹರ್ಸ್ಟ್ ಮತ್ತು ಸಂಗಡಿಗರು 1,434 ರೇಡಿಯೋಕಾರ್ಬನ್ ಕಾಲಗಣನೆಗಳನ್ನು ಜರಡಿ ಹಿಡಿದು, ಟಹೀಟಿ ಸುತ್ತಲಿನ ಸೊಸೈಟಿ ದ್ವೀಪಗಳಿಗೆ ಜನ ಬಂದದ್ದು ಸುಮಾರು 1025ರಿಂದ 1120ರ ನಡುವೆ, ಉಳಿದ ದೂರದ ದ್ವೀಪಗಳಿಗೆ 1190ರಿಂದ 1290ರ ನಡುವೆ ಎಂದರು. ಹೀಗಾದರೆ ವೃಕ್ಷದ ಸ್ಥಿತಿ ಏನು? ಒಂದು ಕೊಂಬೆ ಬೇರೆಯಾಗಿ, ಶತಮಾನಗಳ ಕಾಲ ಒಂಟಿಯಾಗಿ ಬೆಳೆದು, ತನ್ನದೇ ಮಾರ್ಪಾಟುಗಳನ್ನು ಪಡೆದು, ಮತ್ತೆ ಕವಲೊಡೆಯಲು ಬೇಕಾದ ಅವಕಾಶವೇ ಉಳಿಯುವುದಿಲ್ಲ. ಎರಡು ಮೂರು ಶತಮಾನಗಳೊಳಗೆ ಎಲ್ಲರೂ ಎಲ್ಲ ಕಡೆಗೂ ಹೊರಟುಬಿಟ್ಟಿದ್ದಾರೆ.

ಭಾಷಾವಿಜ್ಞಾನಿಗಳೇ ಈ ಇಕ್ಕಟ್ಟನ್ನು ಎದುರಿಸಿದರು. 2012ರಲ್ಲಿ ವಿಲಿಯಂ ವಿಲ್ಸನ್, ಪೂರ್ವ ಪಾಲಿನೇಷಿಯನ್ನರ ಭಾಷಾಮೂಲ ಸಮೋವಾದಲ್ಲಲ್ಲ, ಸಾಲೊಮನ್ ದ್ವೀಪಗಳ ಕಡೆಯ ಉತ್ತರದ ಹೊರದ್ವೀಪಗಳಲ್ಲಿದೆ ಎಂದು ವಾದಿಸಿದರು. 2014ರಲ್ಲಿ ಮೇರಿ ವಾಲ್ವರ್ತ್, ಟಹೀಟಿ ಗುಂಪು ಮತ್ತು ಮಾರ್ಕೇಸಸ್ ಗುಂಪು ಎಂಬ ಹಳೆಯ ವಿಭಜನೆಗೆ ತಕ್ಕ ಆಧಾರವಿಲ್ಲವೆಂದೂ, ಹೋಲಿಕೆಗಳಲ್ಲಿ ಬಹಳಷ್ಟು ಅನಂತರದ ಕೊಡುಕೊಳೆಯಿಂದ ಬಂದವೆಂದೂ ತೋರಿಸಿದರು. ಕಲ್ಲೂ ಇದನ್ನೇ ಹೇಳುತ್ತದೆ. ಟುವಾಮೋಟು ದ್ವೀಪಗಳಲ್ಲಿ ದೊರೆತ ಬಾಚಿಯೊಂದರ ಕಲ್ಲು ಹವಾಯಿಯ ಕಹೋಓಲವೆ ದ್ವೀಪದ್ದೆಂದು 2007ರಲ್ಲಿ ರಾಸಾಯನಿಕ ವಿಶ್ಲೇಷಣೆ ಕಂಡುಕೊಂಡಿತು. ಅದು 4,000 ಕಿಲೋಮೀಟರ್ ಪ್ರಯಾಣ ಮಾಡಿದ ಕಲ್ಲು. ಕಲ್ಲನ್ನು ಹೊತ್ತ ದೋಣಿಯಲ್ಲಿ ಮಾತೂ ಇದ್ದಿರಲೇಬೇಕು.

ಇಲ್ಲಿಯೇ ವೃಕ್ಷದ ರೂಪಕದ ಮಿತಿ ತಿಳಿಯುತ್ತದೆ. ಮರದ ಕೊಂಬೆ ಒಮ್ಮೆ ಕವಲೊಡೆದರೆ ಮತ್ತೆ ಕೂಡುವುದಿಲ್ಲ. ದೋಣಿ ಹೋದಂತೆ ಮರಳಿಯೂ ಬರುತ್ತದೆ. ಹೆಣ್ಣು ಕೊಟ್ಟು ತರುತ್ತದೆ, ಗೆಣಸು ತರುತ್ತದೆ, ಪದ ತರುತ್ತದೆ. ಹಾಗೆಂದು ವೃಕ್ಷವನ್ನು ಕಡಿದುಹಾಕಬೇಕಿಲ್ಲ. ಟೋಂಗಾ ಒಂದು ಕಡೆ, ಉಳಿದವು ಇನ್ನೊಂದು ಕಡೆ ಎಂಬ ಮೊದಲ ಕವಲು ಇಂದಿಗೂ ಭದ್ರವಾಗಿದೆ. ಅಲುಗಾಡಿರುವುದು ತುದಿಯ ಕೊಂಬೆಗಳು. 1966ರ ವೃಕ್ಷವನ್ನು ತಿದ್ದಿದವರು ಹೊರಗಿನ ಟೀಕಾಕಾರರಷ್ಟೇ ಅಲ್ಲ, ಅದೇ ಶಾಸ್ತ್ರದ ಉತ್ತರಾಧಿಕಾರಿಗಳು ಎಂಬುದು ಆ ಶಾಸ್ತ್ರದ ಆರೋಗ್ಯಕ್ಕೆ ಗುರುತು. ಬೇರೆ ಸಾಕ್ಷ್ಯದ ಮುಂದೆ ತನ್ನ ಮಾತನ್ನು ತಿದ್ದಿಕೊಳ್ಳಲು ಒಪ್ಪುವ ಸಾಕ್ಷಿಯನ್ನೇ ನಂಬಬೇಕು.

ಗ್ರಂಥದ ಹೆಸರಾದ ‘ಹವೈಕಿ’ಯೇ ಈ ವಿವೇಕವನ್ನು ಒಳಗೊಂಡಿದೆ. ಮಾವೊರಿಗಳ ಪರಂಪರೆಯಲ್ಲಿ ಅದು ಹಿರಿಯರು ಹೊರಟುಬಂದ ನಾಡು, ಸತ್ತವರ ಆತ್ಮ ಮರಳುವ ನಾಡು. ಅದೇ ಹೆಸರು ಸಮೋವಾದಲ್ಲಿ ‘ಸವೈಇ’ ದ್ವೀಪವಾಗಿ, ಕುಕ್ ದ್ವೀಪಗಳಲ್ಲಿ ‘ಅವೈಕಿ’ಯಾಗಿ, ಟಹೀಟಿ ಸಮೀಪದ ರೈಯಾಟೇಯ ದ್ವೀಪದ ಪ್ರಾಚೀನ ನಾಮವಾಗಿ, ಉತ್ತರದಲ್ಲಿ ಹವಾಯಿಯಾಗಿ ಕಾಣಿಸುತ್ತದೆ. ಇವುಗಳಲ್ಲಿ ನಿಜವಾದ ಹವೈಕಿ ಯಾವುದು ಎಂದು ಕೇಳುವುದು ವ್ಯರ್ಥ. ಹೊಸ ದಡ ಮುಟ್ಟಿದವರು ಹಳೆಯ ಊರಿನ ಹೆಸರನ್ನು ಅಲ್ಲಿ ನೆಟ್ಟರು. ಸ್ಥಳನಾಮ ನೆಲಕ್ಕೆ ಅಂಟಿದ ಗುರುತಷ್ಟೇ ಅಲ್ಲ, ಜನರೊಡನೆ ನಡೆಯುವ ನೆನಪು ಕೂಡ.

ಈ ವಿಚಾರ ನಮ್ಮ ಅಂಗಳಕ್ಕೆ ಬರುವುದು ಇಲ್ಲಿಯೇ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಗೆರೆ ಎಳೆದಾಗ ಸಪ್ತಭಾಷೆಗಳ ನಾಡೆನಿಸಿದ ಕಾಸರಗೋಡಿನ ಕನ್ನಡಿಗರು ಗೆರೆಯ ಆಚೆ ಉಳಿದರು. ಅಂದಿನಿಂದ ಊರ ಹೆಸರನ್ನೋ ಹಳೆಯ ಪದವನ್ನೋ ಹಿಡಿದು, ಈ ನೆಲ ಮೂಲತಃ ಯಾರದು ಎಂದು ವಾದಿಸುವುದು ಎಲ್ಲ ಪಕ್ಷಗಳಿಗೂ ಅಭ್ಯಾಸವಾಗಿದೆ. ಪಾಲಿನೇಷಿಯಾದ ಅಧ್ಯಯನ ಈ ಅಭ್ಯಾಸವನ್ನು ಪ್ರೋತ್ಸಾಹಿಸುವುದಿಲ್ಲ. ಅದು ಕಲಿಸುವಂತೆ ಭಾಷೆ ಬಂಧುತ್ವದ ದಾಖಲೆ, ಒಡೆತನದ ಪಟ್ಟೆಯಲ್ಲ. ನಮ್ಮ ಹಕ್ಕುಗಳು, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಶಿಕ್ಷಣ, ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಕನ್ನಡದ ಉತ್ತರ, ಇವು ನಾವು ಇಂದು ಇಲ್ಲಿ ಬಾಳುತ್ತಿದ್ದೇವೆ ಎಂಬುದರಿಂದಲೇ ಸಲ್ಲಬೇಕಾದವು. ಅದಕ್ಕೆ ಯಾವ ಪ್ರಾಚೀನ ಪದದ ಜಾಮೀನೂ ಬೇಡ. ಹಾಗೆಯೇ ನಮ್ಮ ಕನ್ನಡದಲ್ಲಿ ಸೇರಿರುವ ತುಳು, ಮಲಯಾಳ, ಕೊಂಕಣಿಗಳ ಮಾತುಗಳನ್ನು ಕಲಬೆರಕೆಯೆಂದು ಹಳಿಯುವವರಿಗೆ, ಅವು ಮರಳಿ ಬಂದ ದೋಣಿಗಳು ಎಂದು ಉತ್ತರಿಸಬಹುದು.

ಉತ್ತರಿಸಲು ಮೊದಲು ಆ ಮಾತುಗಳು ದಾಖಲಾಗಿರಬೇಕು. ಬಿಗ್ಸ್ ಅವರ ಪದಕೋಶ ಒಂದೊಂದೇ ಪದವನ್ನು, ಅದರ ನೆರೆಭಾಷೆಯ ರೂಪವನ್ನು, ಎಲ್ಲಿಂದ ದೊರೆಯಿತೆಂಬ ವಿವರವನ್ನು ಬರೆದಿಟ್ಟು ಬೆಳೆದದ್ದು. ನಮ್ಮ ಗದ್ದೆ, ತೋಟ, ಮೀನುಗಾರಿಕೆ, ಅಡುಗೆಮನೆ, ಭೂತದ ಕಟ್ಟೆಗಳ ಮಾತುಗಳನ್ನು ಬಲ್ಲ ಹಿರಿಯರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ಸಂಘದ ಸದಸ್ಯರು ತಮ್ಮ ತಮ್ಮ ಮನೆಗಳಲ್ಲಿ ಅಜ್ಜಅಜ್ಜಿಯರ ಬಾಯಿಂದ ಇಂಥ ಪದಗಳನ್ನು ಕೇಳಿ, ಪಕ್ಕದಲ್ಲಿ ತುಳುವಿನಲ್ಲಿ, ಮಲಯಾಳದಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಸೇರಿಸಿ ಬರೆದಿಟ್ಟರೆ, ಮುಂದಿನ ಸಮ್ಮೇಳನದ ಹೊತ್ತಿಗೆ ಒಂದು ಸಣ್ಣ ಕೈಪಿಡಿಯಷ್ಟಾದರೂ ಸಂಗ್ರಹವಾದೀತು. ಮೂಲದ ವಾದಗಳನ್ನು ಮುಂದಿನ ಪೀಳಿಗೆಯ ವಿದ್ವಾಂಸರು ನೋಡಿಕೊಳ್ಳಲಿ. ಅವರ ಕೈಗೆ ಸಾಕ್ಷ್ಯವನ್ನು ತಲಪಿಸುವ ಹೊಣೆ ನಮ್ಮದು.